ಆ ನೇರಳೆ ಮೊಟ್ಟೆ ಒಡೆದವರು

ಕಾಸಿಮಿರಾ ಗಾರ್ಸಾಳ ಕೈಗೆ ಒಂದು ಮೊಟ್ಟೆಯ ಚಿಪ್ಪು ಸಿಕ್ಕರೆ ಸಾಕು, ಅದನ್ನು ಒಡೆದವರ ಜಾತಕ ಹೇಳಿಬಿಡುತ್ತಿದ್ದಳು. ಸಾನ್ ಆಂತೋನಿಯೊದ ಪಶ್ಚಿಮದ ಬೀದಿಗಳಲ್ಲಿ ಹೊಸ ವರ್ಷ ಕಳೆದ ಮೇಲೆ ಈಸ್ಟರ್ ಬರುವ ತನಕ ಮೊಟ್ಟೆಯನ್ನು ಬಾಣಲೆಯ ಅಂಚಿಗೆ ಕುಟ್ಟಿ ಎರಡು ಹೋಳು ಮಾಡುವ ಹೆಂಗಸನ್ನು ಯಾರೂ ಅಡುಗೆಮನೆಗೆ ಸೇರಿಸುವುದಿಲ್ಲ. ಚೂಪು ತುದಿಗೆ ಚಾಕುವಿನ ಬೆನ್ನಿನಿಂದ ಟಕ್ಕೆಂದು ತಟ್ಟಬೇಕು, ನಾಣ್ಯದಗಲ ತೂತು ಮಾಡಬೇಕು, ಒಳಗಿನದನ್ನು ಸುರಿದುಕೊಂಡು ಚಿಪ್ಪನ್ನು ತೊಳೆದು ಬೋರಲು ಹಾಕಿ ಒಣಗಿಸಬೇಕು. ಆಮೇಲೆ ಬಣ್ಣ, ಬಣ್ಣ ಒಣಗಿದ ಮೇಲೆ ಒಳಗೆ ಒಂದು ಚಮಚ ಕಾಗದದ ಚೂರು, ತೂತಿನ ಮೇಲೊಂದು ತೆಳು ಕಾಗದದ ಟೋಪಿ. ಅದೇ ಕಾಸ್ಕರೋನ್. ಈಸ್ಟರ್ ಭಾನುವಾರ ಅದನ್ನು ಬೇಕಾದವರ ನೆತ್ತಿಯ ಮೇಲೆ ಹಿಡಿದು ಪುಡಿ ಮಾಡಿದರೆ ಹಬ್ಬ ಆಯಿತು.

ಕೆಲಸ ಇಷ್ಟೇ ಆದರೂ ಎರಡು ಮನೆಯ ಕೈ ಒಂದೇ ಥರ ಇರುವುದಿಲ್ಲ ಎಂದು ಕಾಸಿಮಿರಾ ಯಾರ ಮುಂದೆ ಬೇಕಾದರೂ ವಾದಿಸುತ್ತಿದ್ದಳು. ತೂತಿನ ಅಂಚು ಹಲ್ಲುಹಲ್ಲಾಗಿದ್ದರೆ ಒಡೆದವಳಿಗೆ ಅವಸರ, ಅಂದರೆ ಗಂಡ ಹಸಿವು ತಾಳದವನು. ಬಣ್ಣ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳುವಾಗಿದ್ದರೆ ಅವಳು ಫೋನ್ ಹಿಡಿದುಕೊಂಡೇ ಬಣ್ಣ ಅದ್ದಿದ್ದಾಳೆ. ಅಂಗಡಿಯ ಗೋಂದು ಹಚ್ಚಿದ್ದರೆ ಹೊಸ ಕಾಲದ ಸೋಮಾರಿ. ಒಳಗೆ ಅಂಗಡಿಯಿಂದಲೇ ತಂದ ದುಂಡು ಚೂರುಗಳಿದ್ದರೆ ಕಾಸಿಮಿರಾ ಬಾಯಿಬಿಟ್ಟು ಏನೂ ಹೇಳುತ್ತಿರಲಿಲ್ಲ, ಮೂಗು ಮುರಿದು ಚಿಪ್ಪನ್ನು ಕೆಳಗಿಡುತ್ತಿದ್ದಳು.

ಅವಳ ಕುತೂಹಲ ಮೊಟ್ಟೆಗಷ್ಟೇ ನಿಂತಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಎದುರು ಮನೆಗೆ ಫ್ರಿಜ್ ಬಂದರೆ ಎಷ್ಟಕ್ಕೆ ಕೊಂಡರು, ಹಳೆಯದು ಎಲ್ಲಿ ಹೋಯಿತು, ಗಂಡ ಒಪ್ಪಿದ್ದನೋ ಇಲ್ಲವೋ, ಎಲ್ಲವೂ ಸಂಜೆಯೊಳಗೆ ಅವಳಿಗೆ ಗೊತ್ತಾಗಬೇಕು. ಮೂವತ್ತೊಂದು ವರ್ಷ ಜೀನ್ಸ್ ಕಾರ್ಖಾನೆಯಲ್ಲಿ ಪ್ಯಾಂಟುಗಳಿಗೆ ಜಿಪ್ ಕೂರಿಸಿದವಳು ಆಕೆ. ಆ ಸಾಲಿನಲ್ಲಿ ಕೂತ ನಲವತ್ತು ಹೆಂಗಸರ ಬಸಿರು, ಬಾಣಂತನ, ಮನೆಬಾಡಿಗೆ, ಮನಸ್ತಾಪ ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಗಂಡ ಲಿಬ್ರಾದೊ ಮಾಂಸದ ಅಂಗಡಿಯಲ್ಲಿ ಕೆಲಸಕ್ಕಿದ್ದ, ಮಾತು ಕಡಿಮೆ. "ನನ್ನ ಪಾಲಿನ ಮಾತನ್ನೂ ಅವಳೇ ಆಡ್ತಾಳೆ, ನನಗೆ ಅಷ್ಟು ಶ್ರಮ ಉಳೀತು" ಎಂದು ನಗುತ್ತಿದ್ದ ಪುಣ್ಯಾತ್ಮ ಹದಿನಾಲ್ಕು ವರ್ಷದ ಹಿಂದೆ ತೀರಿಕೊಂಡ. ಮಗಳು ಮಾರಿಸೆಲಾ, ಅಳಿಯ, ಮೂರು ಮೊಮ್ಮಕ್ಕಳು ಅದೇ ಅಂಗಳದ ಹಿಂದಿನ ಮನೆಯಲ್ಲಿದ್ದಾರೆ. ಹಾಗಾಗಿ ಗಲಾಟೆಗೆ ಬರವಿಲ್ಲ. ಬರ ಇರುವುದು ಮಗ ಎವಾರಿಸ್ತೊನದು.

ಮದುವೆಗೆ ಮುಂಚೆ ಅವನು ನೆರೈದಾಳನ್ನು ಮನೆಗೆ ಕರೆತಂದದ್ದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ ಒಂದು ಶುಕ್ರವಾರ. ಹುಡುಗಿ ಸುಮ್ಮನೆ ಕೂರದೆ ಪಾಪಾಸುಕಳ್ಳಿಯ ಪಲ್ಯಕ್ಕೆ ಮೊಟ್ಟೆ ಹಾಕಲು ಎದ್ದಳು. ಯಾರೂ ಹೇಳಿಕೊಡದೆ ಆರೂ ಮೊಟ್ಟೆಯನ್ನು ತುದಿಗೆ ತಟ್ಟಿ ಒಡೆದು, ಚಿಪ್ಪು ತೊಳೆದು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿಟ್ಟಳು. ಕಾಸಿಮಿರಾ ಒಂದೊಂದು ಚಿಪ್ಪನ್ನೂ ತಿರುಗಿಸಿ ನೋಡಿ, ಪಕ್ಕದ ಮನೆಯ ಗೆಳತಿ ತೆಂಚಾಳ ಕಿವಿಯಲ್ಲಿ "ಇವಳು ನಮ್ಮವಳೇ" ಎಂದಳು. ಮದುವೆಯಾದ ಮೇಲೆ ಮೊದಲ ಕೆಲಸ ತನ್ನ ತಾಯಿಯ ಕಾಲದ ಟೋಪಿಯನ್ನು ಅವಳಿಗೆ ಕಲಿಸಿದ್ದು. ತೆಳು ಕಾಗದದ ಎರಡು ಚೌಕಗಳನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಸುತ್ತಲೂ ಕತ್ತರಿಯಿಂದ ಎಂಟು ಎಸಳು ಕತ್ತರಿಸಿ, ಚೂರು ವಿನಿಗರ್ ಬೆರೆಸಿ ಕಾಯಿಸಿದ ಹಿಟ್ಟಿನ ಅಂಟಿನಿಂದ ಅಂಟಿಸುವುದು. ಆ ಎಂಟೆಸಳಿನ ಟೋಪಿ ಭೂಮಿಯ ಮೇಲೆ ಮೂವರಿಗೆ ಮಾತ್ರ ಗೊತ್ತಿತ್ತು: ಕಾಸಿಮಿರಾ, ಮಾರಿಸೆಲಾ, ನೆರೈದಾ.

ಮದುವೆ ಜೂನ್ ತಿಂಗಳಲ್ಲಿ. ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು, ಸಿತ್ಲಾಲಿ ಎಂದು ಹೆಸರಿಟ್ಟರು. ಹೆಸರಿಡುವ ದಿನ ಅಂಗಳದಲ್ಲಿ ಅರವತ್ತು ಜನ. ಯಾರೋ ಮಗುವನ್ನು ಎತ್ತಿಕೊಂಡು "ಅಬ್ಬಾ, ಏನು ತೂಕ!" ಎಂದರು. ಕಾಸಿಮಿರಾ ಬೆರಳು ಮಡಿಸತೊಡಗಿದಳು.

"ಜೂನ್, ಜುಲೈ, ಆಗಸ್ಟ್... ಅದಿರಲಿ, ಅವಸರದ ಮಕ್ಕಳು ಎಲ್ಲರ ಮನೇಲೂ ಹುಟ್ಟಿವೆ, ನಮ್ಮನೇಲೂ ಹುಟ್ಟಿವೆ. ನಂಗೆ ತಲೆ ಕೆಡ್ತಿರೋದು ಬೇರೆ. ಮಾರ್ಚಿನಲ್ಲಿ ನಮ್ಮ ಎವಾರಿಸ್ತೊ ಸಮುದ್ರದ ಮಧ್ಯೆ ಎಣ್ಣೆ ಬಾವಿ ಕೆಲಸದಲ್ಲಿದ್ನಲ್ಲಾ? ಹಾಗಾದ್ರೆ ಇದು ಹೆಂಗೆ?"

ಹಗೆಯಿಂದ ಕೇಳಿದ್ದಲ್ಲ. ಫ್ರಿಜ್ಜಿನ ಬೆಲೆ ಕೇಳುವ ದನಿಯಲ್ಲೇ, ಅಷ್ಟೇ ಜೋರಾಗಿ ಕೇಳಿದ್ದು. ಯಾರೋ ಕಿಸಕ್ಕೆಂದರು. ನೆರೈದಾ ಮಗುವನ್ನು ಎತ್ತಿಕೊಂಡಿದ್ದವರ ಕೈಯಿಂದ ಕಿತ್ತುಕೊಂಡು ಪಕ್ಕದ ಗೇಟಿನಿಂದ ಹೊರಟುಹೋದಳು. ಎವಾರಿಸ್ತೊ ತಾಯಿಯ ಮುಂದೆ ಬಂದು ನಿಂತ.

"ಅಮ್ಮಾ, ಹೋಗಿ ಅವಳ ಹತ್ರ ಕ್ಷಮೆ ಕೇಳು."

"ಯಾಕೆ? ಕೇಳಿದ್ದೇ ತಪ್ಪಾ? ಗೊತ್ತಿಲ್ಲದ್ದನ್ನ ಕೇಳಿದೆ ಅಷ್ಟೇ."

ಅವನೂ ಹೋದ. ಅವರಿದ್ದ ಬಾಡಿಗೆ ಮನೆ ಖಾಲಿಯಾಯಿತು, ಫೋನ್ ನಂಬರು ಬದಲಾಯಿತು. ಹೊಸ ವರ್ಷದ ದಿನ ಅಕ್ಕ ಮಾರಿಸೆಲಾಳಿಗೆ ಒಂದು ಸಲ ಫೋನ್ ಮಾಡಿ ಎಲ್ಲರೂ ಚೆನ್ನಾಗಿದ್ದೀವಿ ಎನ್ನುತ್ತಿದ್ದ, ಎಲ್ಲಿದ್ದೀವಿ ಎನ್ನುತ್ತಿರಲಿಲ್ಲ. ಮಾರಿಸೆಲಾ ಕೇಳುತ್ತಲೂ ಇರಲಿಲ್ಲ. "ಗೊತ್ತಾದ್ರೆ ನೀನು ನನ್ನ ಹಿಂಡಿ ತೆಗೀತೀಯ. ಗೊತ್ತಿಲ್ಲದೇ ಇರೋದೇ ನಂಗೆ ಕ್ಷೇಮ" ಎಂದು ತಾಯಿಗೆ ಮುಖಕ್ಕೇ ಹೇಳಿದ್ದಳು. ಹೀಗೆ ಹನ್ನೊಂದು ವರ್ಷ ಕಳೆಯಿತು. ಊರಿನ ಎಲ್ಲ ಮನೆಯ ಸುದ್ದಿ ಗೊತ್ತಿದ್ದ ಹೆಂಗಸಿಗೆ ಸ್ವಂತ ಮೊಮ್ಮಗಳು ಈಗ ಎಷ್ಟೆತ್ತರ ಬೆಳೆದಿದ್ದಾಳೋ ಗೊತ್ತಿರಲಿಲ್ಲ. ಅದು ಅವಳನ್ನು ಒಳಗೊಳಗೇ ತಿನ್ನುತ್ತಿತ್ತು. ಬಾಯಿಬಿಟ್ಟು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ಈ ವರ್ಷ ಫೆಬ್ರವರಿಯಲ್ಲಿ ಅವಳ ಎರಡೂ ಕಣ್ಣಿನ ಪೊರೆ ತೆಗೆಸಿದರು. ಎಷ್ಟು ವರ್ಷದಿಂದ ಮಂಜು ಕವಿದಿತ್ತೋ, ಆಪರೇಷನ್ನಿನ ತನಕ ಅವಳು ಒಪ್ಪಿಕೊಂಡಿರಲಿಲ್ಲ. ಪಟ್ಟಿ ಬಿಚ್ಚಿದ ದಿನ ಅಡುಗೆಮನೆಗೆ ಹೋದವಳೇ "ಮಾರಿಸೆಲಾ, ಈ ಗೋಡೆ ಇಷ್ಟು ಕೊಳಕಾಗಿದ್ದು ಯಾವಾಗಿಂದ?" ಎಂದು ಕೂಗಿದಳು. ಆಮೇಲೆ ಒಣಗಲು ಇಟ್ಟಿದ್ದ ಐನೂರು ಚಿಪ್ಪುಗಳನ್ನು ಒಂದೊಂದಾಗಿ ನೋಡಿ, ಮೂವತ್ತನ್ನು ಸರಿಯಾಗಿ ತೊಳೆದಿಲ್ಲವೆಂದು ಎಸೆದಳು.

ಈಸ್ಟರ್ ದಿನ ಎಲ್ಲರೂ ನದಿಯ ಪಕ್ಕದ ಪಾರ್ಕಿಗೆ ಹೋದರು. ಗಾರ್ಸಾ ಮನೆಯವರದು ನಲವತ್ತು ವರ್ಷದಿಂದ ಒಂದೇ ಜಾಗ, ದೊಡ್ಡ ಪೆಕಾನ್ ಮರದ ಕೆಳಗೆ. ಜಾಗ ಬೇರೆಯವರ ಪಾಲಾಗದಂತೆ ಅಳಿಯ ಗುರುವಾರವೇ ಹೋಗಿ ಡೇರೆ ಹಾಕಿ ಮಲಗುತ್ತಾನೆ. ಆ ಕಡೆ ಹತ್ತು ಕುಟುಂಬ, ಈ ಕಡೆ ಹತ್ತು ಕುಟುಂಬ, ಎಲ್ಲರ ಒಲೆಯ ಹೊಗೆಯೂ ಒಂದೇ. ಊಟ ಮುಗಿದದ್ದೇ ಮಕ್ಕಳು ಮೊಟ್ಟೆಯ ಟ್ರೇಗಳಿಗೆ ಮುಗಿಬಿದ್ದವು. ಹಿಂದಿನಿಂದ ಬಂದು ನೆತ್ತಿಯ ಮೇಲೆ ಪುಡಿ ಮಾಡಿ ಓಡಿಹೋಗುವುದರಲ್ಲೇ ಇರುವುದು ಸುಖ. ಯಾರು ಅಂತ ತಿರುಗಿ ನೋಡುವಷ್ಟರಲ್ಲಿ ಇನ್ನೊಂದು ಬಿದ್ದಿರುತ್ತದೆ. ಮಡಿಸುವ ಕುರ್ಚಿಯಲ್ಲಿ ಕೂತ ಕಾಸಿಮಿರಾಳ ತಲೆಯ ಮೇಲೆ ಆ ದಿನ ನಲವತ್ತಕ್ಕೆ ಕಡಿಮೆ ಬಿದ್ದಿರಲಿಕ್ಕಿಲ್ಲ. ಪರಿಚಯದವರು, ಪರಿಚಯವಿಲ್ಲದವರ ಮಕ್ಕಳು, ದಾರಿಯಲ್ಲಿ ಹೋಗುವವರು, ಬಿಳಿಕೂದಲ ಅಜ್ಜಿ ಕಂಡರೆ ಯಾರೂ ಬಿಡುವುದಿಲ್ಲ.

ಸಂಜೆ ಮನೆಯ ಜಗುಲಿಯ ಮೇಲೆ ಮಡಿಲಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಕೂತಳು. ಮಾರಿಸೆಲಾ ಹಿಂದೆ ನಿಂತು ತಲೆ ಬಾಚಿದಳು. ಬಾಚಿದಂತೆ ಬೀಳುವ ಚಿಪ್ಪನ್ನೂ ಚೂರನ್ನೂ ಕಾಸಿಮಿರಾ ಹೆಕ್ಕಿ ಓದುತ್ತಿದ್ದಳು. ಪ್ರತಿ ವರ್ಷದ ಪದ್ಧತಿ.

"ಇದು ತೆಂಚಾಂದು. ಅಂಗಡಿ ಗೋಂದು, ಹೇಳಿ ಹೇಳಿ ಸಾಕಾಯ್ತು. ಇದು ನಿನ್ನ ಸಣ್ಣ ಮಗಂದು, ತೂತು ನೋಡು, ಬೆಕ್ಕು ಕಚ್ಚಿದ ಹಾಗಿದೆ. ಇದು..."

ಬೆರಳ ತುದಿಯಲ್ಲಿ ನೇರಳೆ ಬಣ್ಣದ ಒಂದು ತುಂಡು. ಅದಕ್ಕೆ ಅಂಟಿಕೊಂಡ ಹಳದಿ ಕಾಗದದ ಟೋಪಿ ಅರ್ಧ ಹರಿದಿತ್ತು. ಉಳಿದ ಅರ್ಧದಲ್ಲಿ ನಾಲ್ಕು ಎಸಳು.

"ಮಾರಿಸೆಲಾ, ಈ ವರ್ಷ ನಾವು ನೇರಳೆ ಮಾಡಿದ್ವಾ?"

"ಇಲ್ಲ. ನೀಲಿ, ಕೆಂಪು, ಹಸಿರು, ಹಳದಿ. ನೇರಳೆ ಬಣ್ಣದ ಪೊಟ್ಟಣ ಸಿಗಲಿಲ್ಲ ಅಂತ ನೀನೇ ಅಂಗಡಿಯವನ ಜೊತೆ ಜಗಳ ಆಡಿದ್ದು."

"ಹಾಗಾದ್ರೆ ಇದನ್ನ ಮೂಸಿ ನೋಡು."

ಮಾರಿಸೆಲಾ ಮೂಸಿದಳು. ಎಷ್ಟೇ ಸಣ್ಣಗಾದರೂ ವಿನಿಗರ್ ವಾಸನೆ ಇತ್ತು. ತಾಯಿಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಭೂಮಿಯ ಮೇಲಿದ್ದ ಮೂವರಲ್ಲಿ ಇಬ್ಬರು ಆ ಜಗುಲಿಯ ಮೇಲೇ ಇದ್ದರು.

"ಅವಳು ಇವತ್ತು ನನ್ನ ಬೆನ್ನ ಹಿಂದೆ ನಿಂತಿದ್ಲು ಕಣೇ" ಎಂದಳು ಕಾಸಿಮಿರಾ. "ಬಾಚು, ನಿಧಾನಕ್ಕೆ ಬಾಚು. ಒಂದು ಚೂರೂ ಕೆಳಗೆ ಬೀಳಬಾರದು."

ಮರುದಿನದಿಂದ ಅಡುಗೆಮನೆಯ ಮೇಜಿನ ಮೇಲೆ ಯಾರಿಗೂ ತಟ್ಟೆ ಇಡಲು ಜಾಗವಿರಲಿಲ್ಲ. ಪತ್ರಿಕೆಯ ಮೇಲಿನ ಚೂರುಗಳನ್ನು ಕಾಸಿಮಿರಾ ಮೂರು ದಿನ ವಿಂಗಡಿಸಿದಳು. ನಲವತ್ತು ಮೊಟ್ಟೆಯ ಚೂರು ಸೇರಿಕೊಂಡಿದ್ದರೂ ಅವಳಿಗೆ ಬೇಕಾದದ್ದು ಬೇಗ ಸಿಕ್ಕಿತು. ಮಿಕ್ಕವೆಲ್ಲ ತೆಳು ಕಾಗದ, ಪತ್ರಿಕೆ, ಮಾಸಪತ್ರಿಕೆ. ನೇರಳೆ ಚಿಪ್ಪಿನ ಒಳಮೈಗೆ ಅಂಟಿದ್ದು ಮಾತ್ರ ದಪ್ಪ, ಹೊಳಪಿನ ಕಾಗದ, ಕತ್ತರಿಯಿಂದ ಚೌಕಚೌಕವಾಗಿ ಕತ್ತರಿಸಿದ್ದು. ಚಿಮಟದಿಂದ ಒಂದೊಂದನ್ನೇ ಹಿಡಿದು ಅಂಚಿಗೆ ಅಂಚು ಕೂಡಿಸುತ್ತ ಹೋದಳು. ಮೊಮ್ಮಕ್ಕಳು ಓಡಾಡಿದರೆ ಗಾಳಿ ಬೀಸುತ್ತದೆಂದು ಅವರನ್ನು ಹಿತ್ತಲಿಗೆ ಅಟ್ಟಿದಳು. ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಅಳಿಯ ಪಾಪ ಟ್ಯಾಕೋವನ್ನು ನಿಂತುಕೊಂಡೇ ತಿನ್ನುತ್ತಿದ್ದ.

ಶನಿವಾರ ಸಂಜೆ ತೆಂಚಾ ಬಂದು ಕನ್ನಡಕ ಏರಿಸಿಕೊಂಡು ಬಗ್ಗಿದಳು.

"ಏನಿದು? ಪೊಲೀಸ್ ಕೆಲಸಕ್ಕೆ ಸೇರ್ಕೊಂಡ್ಯಾ?"

"ಬಾಯಿ ಮುಚ್ಕೊಂಡು ನೋಡು. ನಿನ್ನ ಉಸಿರು ಬೇರೆ ಗಾಳಿಯಂತ್ರ. ಇದು ಟೊಮೇಟೊ, ಗೊತ್ತಾಯ್ತು. ಇದು ಎಲೆ. ಬೀಜದ ಪೊಟ್ಟಣ ಇದು, ಅನುಮಾನವೇ ಇಲ್ಲ. ಒಂದಲ್ಲ, ಎರಡು ಮೂರು ಥರದ ಪೊಟ್ಟಣ. ಅಷ್ಟು ಪೊಟ್ಟಣ ಖಾಲಿ ಮಾಡೋರು ಮನೆ ಹಿತ್ತಿಲಿನವರಲ್ಲ, ಗಿಡ ಮಾರೋರು. ಈಗ ಇದು ನೋಡು. ಇದು ಏನು ಹೇಳು."

ಮೂಲೆಯಲ್ಲಿ ಎಂಟು ಚೂರು ಸೇರಿ ಒಂದು ಕಪ್ಪು ಚಿತ್ರವಾಗಿತ್ತು. ಕವಲೊಡೆದ ಬಾಲ, ಅರ್ಧ ರೆಕ್ಕೆ. ತೆಂಚಾ ನೋಡಿದಳು, ಮತ್ತೆ ನೋಡಿದಳು.

"ಇದು ಆ ಹಕ್ಕಿ ಅಲ್ವೇನೇ? ಭಾನುವಾರದ ಸಂತೇಲಿ ಸಸಿ ತರೋ ಲಾರಿ ಮೇಲಿರತ್ತಲ್ಲ, ಬಾಗಿಲಿಗೆ ಬರೆದಿರ್ತಾರೆ ನೋಡು. ಹೋದ ವರ್ಷ ನಾನು ಮೆಣಸಿನ ಸಸಿ ತಂದಿದ್ದು ಅವರ ಹತ್ರಾನೇ. ಒಂದೂ ಬದುಕಲಿಲ್ಲ."

"ನೀನು ನೀರು ಹಾಕಿದ್ರೆ ತಾನೇ ಬದುಕೋದು" ಎಂದಳು ಕಾಸಿಮಿರಾ. ನೇರಳೆ ಚಿಪ್ಪನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ತೋರಿಸಿದಳು. "ಒಳಗಡೆ ನೋಡು. ಬಿಳೀನೂ ಅಲ್ಲ, ಕಂದೂ ಅಲ್ಲ. ತಿಳಿನೀಲಿ. ಬಣ್ಣ ಸೋರಿದ್ದಲ್ಲ, ಹುಟ್ಟಿದ್ದೇ ಹಾಗೆ. ನೀಲಿ ಮೊಟ್ಟೆ ಇಡೋ ಕೋಳಿ ಸಾಕಿದ್ದಾಳೆ. ಅಂಗಡಿ ಮೊಟ್ಟೆ ಅಲ್ಲ ಇದು."

ಭಾನುವಾರ ಚರ್ಚಿನ ಪೂಜೆಗೂ ನಿಲ್ಲದೆ ಇಬ್ಬರೂ ಸಂತೆಗೆ ಹೋದರು. ಕಾಸಿಮಿರಾ ಜನ್ಮದಲ್ಲಿ ಪೂಜೆ ತಪ್ಪಿಸಿದ್ದು ಅದು ಎರಡನೇ ಸಲ. ಹಕ್ಕಿಯ ಚಿತ್ರದ ಲಾರಿ ಅಲ್ಲೇ ನಿಂತಿತ್ತು. ಹುಲ್ಲಿನ ಟೋಪಿ ಹಾಕಿಕೊಂಡ ದಪ್ಪ ಹೆಂಗಸೊಬ್ಬಳು ಸಸಿಗಳಿಗೆ ನೀರು ಚಿಮುಕಿಸುತ್ತಿದ್ದಳು. ಕಾಸಿಮಿರಾ ನಾಲ್ಕು ಟೊಮೇಟೊ ಸಸಿ ಕೊಂಡಳು, ಮಣ್ಣು ಒಳ್ಳೆಯದೆಂದು ಹೊಗಳಿದಳು, ಅವಳ ಮೊಣಕಾಲು ನೋವು ವಿಚಾರಿಸಿದಳು, ಅದಕ್ಕೊಂದು ಎಣ್ಣೆ ಹೇಳಿದಳು. ಈ ವಿದ್ಯೆಯಲ್ಲಿ ಅವಳನ್ನು ಮೀರಿಸುವವರು ನಮ್ಮ ಬೀದಿಯಲ್ಲಂತೂ ಇಲ್ಲ. ಆಮೇಲೆ ಏನೂ ಅಲ್ಲವೆಂಬಂತೆ ಕೇಳಿದಳು: "ನೀಲಿ ಮೊಟ್ಟೆ ಇಡೋ ಕೋಳಿ ಎಲ್ಲಾದ್ರೂ ಸಿಗತ್ತಾ ತಾಯಿ, ನಿಮ್ಮ ಕಡೆ?"

"ಅಯ್ಯೋ, ನಮ್ಮಲ್ಲೇ ಇದೆಯಲ್ಲ. ದಕ್ಷಿಣಕ್ಕೆ, ಪೊಟೀಟ್ ಊರಿನ ಹತ್ರ ನಮ್ಮ ನರ್ಸರಿ. ಸಸಿ ಕಟ್ಟೋ ನೆರೈದಾ ಸಾಕಿದ್ದಾಳೆ ಹದಿನೈದು ಇಪ್ಪತ್ತು. ಅವಳ ಗಂಡ ನಮ್ಮ ದೊಡ್ಡ ಲಾರಿ ಓಡಿಸೋದು. ಬೇಕಿದ್ರೆ ಹೇಳ್ತೀನಿ, ಮರಿ ಕೊಡ್ತಾಳೆ."

"ಬೇಡ, ನಾನೇ ಹೋಗಿ ಕೇಳ್ತೀನಿ" ಎಂದಳು ಕಾಸಿಮಿರಾ. ಸಸಿಗಳನ್ನು ಅಲ್ಲೇ ಮರೆತು ಬಂದಳು.

ಮನೆಯಲ್ಲಿ ಮಾರಿಸೆಲಾ ಅವಳನ್ನು ಕುರ್ಚಿಯ ಮೇಲೆ ಕೂರಿಸಿ ಎದುರಿಗೆ ಕೂತಳು.

"ಅಮ್ಮಾ, ಹೋಗು. ನಾನು ತಡೆಯಲ್ಲ. ಆದ್ರೆ ಒಂದೇ ಮಾತು ಆಡಿ ಬಾ. ಕ್ಷಮೆ ಕೇಳು. ಬೇರೆ ಏನೂ ಕೇಳ್ಬೇಡ. ಮನೆ ಯಾವಾಗ ಕಟ್ಟಿದ್ರಿ, ಸಂಬಳ ಎಷ್ಟು, ಕೋಳಿ ಎಷ್ಟು, ಏನೂ ಬೇಡ. ಆ ಹಳೇ ಪ್ರಶ್ನೆಯಂತೂ ಮನಸ್ಸಲ್ಲೂ ತರಬೇಡ. ಮತ್ತೆ ಅದನ್ನ ಕೇಳಿದ್ರೆ ಆ ಮಗು ಮುಖ ನೀನು ಸಾಯೋ ತನಕ ನೋಡಲ್ಲ."

"ನಂಗೆ ಅಷ್ಟೂ ತಿಳಿಯಲ್ವಾ?"

"ಹನ್ನೊಂದು ವರ್ಷದ ಹಿಂದೆ ತಿಳೀಲಿಲ್ವಲ್ಲ."

ಆ ರಾತ್ರಿ ಕಾಸಿಮಿರಾಳಿಗೆ ಭಯವಾದದ್ದು ನೆರೈದಾಳ ಸಿಟ್ಟಿಗಲ್ಲ, ತನ್ನದೇ ನಾಲಿಗೆಗೆ. ಪ್ರಶ್ನೆ ಇನ್ನೂ ಒಳಗೇ ಇತ್ತು. ಎಷ್ಟೋ ಸಲ ಮಲಗಿದಲ್ಲೇ ಬೆರಳು ಮಡಿಸಿ ಲೆಕ್ಕ ಹಾಕಿದ್ದಳು, ಒಂದು ಸಲ ಸರಿ ಬರುತ್ತಿತ್ತು, ಇನ್ನೊಂದು ಸಲ ಬರುತ್ತಿರಲಿಲ್ಲ. ತಾನು ಯಾಕೆ ಹೀಗೆ ಎಂದು ಅವಳಿಗೇ ಬೇಸರವಾಯಿತು.

ಮಂಗಳವಾರ ಮಧ್ಯಾಹ್ನ ತೆಂಚಾಳ ಹಳೆಯ ಟ್ರಕ್ಕಿನಲ್ಲಿ ದಕ್ಷಿಣಕ್ಕೆ ಹೊರಟರು. ದಾರಿಯುದ್ದಕ್ಕೂ ಸ್ಟ್ರಾಬೆರಿ ಹೊಲ. ಯಾವಾಗಲೂ ಹತ್ತು ಪ್ರಶ್ನೆ ಕೇಳುವ ಕಾಸಿಮಿರಾ ಮಾತಿಲ್ಲದೆ ಕೂತಿದ್ದಳು. ತೆಂಚಾಳಿಗೆ ಅದೇ ಗಾಬರಿಯಾಗಿ ಎರಡು ಸಲ "ಮೈ ಸರಿ ಇದೆಯೇನೇ?" ಎಂದಳು. ನರ್ಸರಿಯ ಗೇಟಿನಲ್ಲಿ ಟ್ರಕ್ಕು ನಿಲ್ಲಿಸಿ, "ನಾನು ಒಳಗೆ ಬರಲ್ಲ. ಜಗಳ ಆದ್ರೆ ಕೂಗು, ಗಾಡಿ ಚಾಲೂ ಮಾಡ್ತೀನಿ" ಎಂದಳು.

ಉದ್ದನೆಯ ಚಪ್ಪರದ ಕೆಳಗೆ ಒಬ್ಬಳೇ ಹೆಂಗಸು ನಿಂತು ಪ್ಲಾಸ್ಟಿಕ್ ಕುಂಡಗಳಿಗೆ ಮಣ್ಣು ತುಂಬುತ್ತಿದ್ದಳು. ಮೈ ಸ್ವಲ್ಪ ತುಂಬಿಕೊಂಡಿತ್ತು, ಕಿವಿಯ ಪಕ್ಕ ಒಂದೆರಡು ನರೆ. ಕಾಸಿಮಿರಾಳನ್ನು ಕಂಡು ನೆರೈದಾ ಬೆಚ್ಚಲಿಲ್ಲ. ಕೈಯ ಕೆಲಸವನ್ನೂ ನಿಲ್ಲಿಸಲಿಲ್ಲ.

"ದಾರಿ ಯಾರು ಹೇಳಿದ್ರು ದೋನ್ಯಾ ಕಾಸಿಮಿರಾ? ಮಾರಿಸೆಲಾನಾ?"

ಅತ್ತೆ ಎನ್ನಲಿಲ್ಲ. ಪರಊರಿನ ಹಿರಿಯ ಹೆಂಗಸನ್ನು ಕರೆಯುವ ಹಾಗೆ ಕರೆದಳು. ಕಾಸಿಮಿರಾಳಿಗೆ ಅದು ಚುಚ್ಚಿತು.

"ಅವಳಿಗೂ ಗೊತ್ತಿಲ್ಲ. ನಿನ್ನ ಮೊಟ್ಟೆ ಹೇಳ್ತು."

"ಎಷ್ಟನೇ ಮೊಟ್ಟೆ?"

"ಅಂದ್ರೆ?"

"ಇದು ಒಂಬತ್ತನೇದು. ಒಂಬತ್ತು ಈಸ್ಟರಿಗೂ ಅದೇ ಮರದ ಹತ್ರ ಬಂದಿದೀನಿ. ಒಂಬತ್ತು ಸಲಾನೂ ಅದೇ ಎಂಟೆಸಳಿನ ಟೋಪಿ, ಅದೇ ವಿನಿಗರ್ ಅಂಟು. ಮನೆಗೆ ಹೋಗಿ ತಲೆ ಬಾಚ್ಕೊಂಡು ಒಂದೊಂದನ್ನೂ ಓದ್ತಾರೆ, ಗೊತ್ತಾಗೇ ಆಗತ್ತೆ ಅಂತ ಅಂದ್ಕೊಂಡಿದ್ದೆ. ಗೊತ್ತಾಗಿಯೂ ಬರಲಿಲ್ಲ ಅಂದ್ರೆ ಬೇಡ ಅಂತ ತಾನೇ ಅರ್ಥ?"

ಎಂಟು ವರ್ಷ ಪತ್ರಿಕೆಯ ಮೇಲೆ ಬಿದ್ದ ಅಂಥದೇ ಚಿಪ್ಪನ್ನು ಕಾಸಿಮಿರಾ ಒಟ್ಟುಮಾಡಿ ಕಸಕ್ಕೆ ಹಾಕಿದ್ದಳು.

"ಕಣ್ಣು ಕಾಣ್ತಿರಲಿಲ್ಲ ನೆರೈದಾ. ಕಾಣತ್ತೆ ಕಾಣತ್ತೆ ಅಂತ ಎಲ್ಲರ ಮುಂದೆ ಸುಳ್ಳು ಹೇಳ್ಕೊಂಡು ಓಡಾಡ್ತಿದ್ದೆ. ಬಾಯಿಗೆ ಬಂದ ಹೆಸರು ಹೇಳ್ತಿದ್ದೆ. ಈ ಫೆಬ್ರವರೀಲಿ ಪೊರೆ ತೆಗೆಸಿದ್ರು." ಉಸಿರು ಎಳೆದುಕೊಂಡಳು. "ನಾನು ಅದನ್ನ ಹೇಳಕ್ಕೆ ಬಂದಿಲ್ಲ. ನಿನ್ನ ಮಾನಾನ ಅರವತ್ತು ಜನರ ಮುಂದೆ ಹರಾಜಿಗೆ ಹಾಕಿದೆ. ಬಾಣಂತಿ ಅಂತಲೂ ನೋಡಲಿಲ್ಲ. ತಪ್ಪು ನಂದು, ಪೂರ್ತಿ ನಂದು. ಕ್ಷಮಿಸು."

"ಇದನ್ನ ಹೇಳಕ್ಕೆ ಹನ್ನೊಂದು ವರ್ಷ ಬೇಕಾಯ್ತಾ?"

"ಮೊದಲು ನಾಲ್ಕೈದು ವರ್ಷ ನಂದ್ಯಾವ ತಪ್ಪು ಅಂತಲೇ ಇದ್ದೆ. ತಪ್ಪು ಅಂತ ಗೊತ್ತಾದ ಮೇಲೆ ಹೇಳಕ್ಕೆ ನೀನಿರಲಿಲ್ಲ."

ನೆರೈದಾ ಒಂದು ಕುಂಡ ತುಂಬಿ ಬದಿಗಿಟ್ಟಳು, ಇನ್ನೊಂದು ತೆಗೆದುಕೊಂಡಳು. ಆಮೇಲೆ ಕೈಯ ಮಣ್ಣು ಕೊಡವಿ ತಲೆಯೆತ್ತಿದಳು.

"ಕ್ಷಮೆ ಕೇಳಿದ್ರಿ, ಆಯ್ತು. ಆದ್ರೆ ಆ ಪ್ರಶ್ನೆ ಇನ್ನೂ ನಿಮ್ಮ ಬಾಯಲ್ಲೇ ಇದೆ. ನಂಗೆ ಕಾಣ್ತಿದೆ. ಅದನ್ನ ಇಟ್ಕೊಂಡು ನಮ್ಮ ಮನೆಗೆ ಬಂದು ಹೋಗಿ ಮಾಡೋದು ಬೇಡ. ಇವತ್ತು ಕೇಳಿಬಿಡಿ. ಒಂದೇ ಒಂದು ಪ್ರಶ್ನೆ, ಏನು ಕೇಳಿದ್ರೂ ನಿಜಾನೇ ಹೇಳ್ತೀನಿ, ದೇವರಾಣೆ. ಕೇಳಿದ ಮೇಲೆ ನೀವಿಲ್ಲಿ ಇರ್ಬೇಕೋ ಹೋಗ್ಬೇಕೋ ನಾನು ಹೇಳ್ತೀನಿ."

ಕಾಸಿಮಿರಾಳಿಗೆ ಮಾರಿಸೆಲಾಳ ಮಾತು ನೆನಪಾಯಿತು. ಏನೂ ಕೇಳುವುದಿಲ್ಲ ಎಂದು ತಲೆಯಾಡಿಸಬೇಕೆಂದುಕೊಂಡಳು, ಆಗಲಿಲ್ಲ, ಅವಳ ಸ್ವಭಾವವೇ ಅಂಥದ್ದು. ಆದರೆ ಅಲ್ಲಿ ನಿಂತಾಗ ಆ ಹಳೆಯ ಪ್ರಶ್ನೆಯನ್ನು ಹಿಂದಕ್ಕೆ ತಳ್ಳಿ ಹೊಸದೊಂದು ಮುಂದೆ ಬಂದಿತ್ತು. ಒಂಬತ್ತು ಈಸ್ಟರ್ ಎಂಬ ಮಾತು ಕೇಳಿದ ಕ್ಷಣದಿಂದ ಅದೇ ಕೊರೆಯುತ್ತಿತ್ತು.

"ಹಬ್ಬದ ದಿನ ಅಷ್ಟು ದೂರ ನನ್ನ ತಲೆ ಮೇಲೆ ಮೊಟ್ಟೆ ಒಡೆಯಕ್ಕೆ ಬರ್ತಿದ್ಯಲ್ಲ" ಎಂದಳು. "ಮಗೂನ ಯಾರ ಹತ್ರ ಬಿಟ್ಟು ಬರ್ತಿದ್ದೆ?"

ನೆರೈದಾ ಒಂದು ಹೆಜ್ಜೆ ಹತ್ತಿರ ಬಂದಳು.

"ಅದೇನಾ ನಿಮ್ಮ ಪ್ರಶ್ನೆ?"

"ಅದೇ. ಎರಡು ವರ್ಷದ ಕೂಸು ಆವಾಗ. ಹಬ್ಬದ ದಿನ ಅದನ್ನ ಒಂಟಿಯಾಗಿ ಬಿಟ್ಟು ಬರೋ ಹಾಗೆ ಆಯ್ತಲ್ಲ ನನ್ನಿಂದ, ಅಂತ."

"ಎಲ್ಲೂ ಬಿಟ್ಟು ಬರ್ತಿರಲಿಲ್ಲ ಅತ್ತೆ." ನೆರೈದಾ ತಲೆಯಾಡಿಸಿದಳು. "ಒಡೀತಿದ್ದದ್ದು ನಾನಲ್ಲ. ಅವಳೇ. ಮೊಮ್ಮಗಳ ಮೊಟ್ಟೆ ಅಜ್ಜಿ ತಲೆ ಮೇಲೆ ಒಡೀದೆ ಅದೆಂಥ ಈಸ್ಟರ್ ಅಂತ ನಿಮ್ಮ ಮಗಂದು ಹಠ. ವರ್ಷಕ್ಕೊಂದು ಸಲ, ಒಂದೇ ಮೊಟ್ಟೆ ಅಂತ ನಾನು ಒಪ್ಪಿದ್ದೆ. ಮೊದಲು ಮೂರು ವರ್ಷ ಎತ್ತಿ ಹಿಡ್ಕೊತಿದ್ದೆ, ಕೈ ಎಟುಕ್ತಿರಲಿಲ್ಲ. ಆಮೇಲೆ ನಾನು ದೂರ ನಿಲ್ತಿದ್ದೆ, ಅವಳೊಬ್ಳೇ ಬರ್ತಿದ್ಲು. ಆರು ವರ್ಷದವಳಿದ್ದಾಗ ಓಡೋಕಾಗದೆ ನಿಮ್ಮ ಕೈಗೇ ಸಿಕ್ಕಿಬಿದ್ಲು. ನೀವು ನಕ್ಕು ಕೆನ್ನೆ ಹಿಂಡಿ, ಒಂದು ತುಂಡು ಕೇಕು ಕೊಟ್ಟು ಕಳಿಸಿದ್ರಿ. ಮನೆಗೆ ಬರೋ ತನಕ ಆ ಕೇಕು ತಿನ್ನಲಿಲ್ಲ. ಬಂದು ನನ್ನ ಹತ್ರ 'ನೀನು ಯಾರ ಮಗಳು ಅಂತ ಕೇಳ್ತಾರೆ, ಕೇಳಿದ್ರೆ ಹೇಳಣ ಅಂತ ನಿಂತಿದ್ದೆ ಅಮ್ಮಾ, ಎಲ್ಲರನ್ನೂ ಎಲ್ಲಾನೂ ಕೇಳ್ತಾರೆ ಅಂತ ಅಪ್ಪ ಹೇಳಿದ್ರು, ನನ್ನ ಮಾತ್ರ ಕೇಳಲೇ ಇಲ್ಲ' ಅಂದ್ಲು."

ಕಾಸಿಮಿರಾ ಎರಡೂ ಕೈಯಿಂದ ತಲೆ ಹಿಡಿದುಕೊಂಡು ಅತ್ತಳು. ಗಂಡ ಸತ್ತಾಗಲೂ ಅವಳು ಹಾಗೆ ಅತ್ತದ್ದನ್ನು ಯಾರೂ ನೋಡಿರಲಿಲ್ಲ. ಗೇಟಿನಲ್ಲಿದ್ದ ತೆಂಚಾಳಿಗೆ ಆ ಸದ್ದು ಕೇಳಿಸಿ, ಜಗಳವೇ ಆಯಿತೆಂದು ಟ್ರಕ್ಕು ಚಾಲೂ ಮಾಡಿದಳು.

ನೆರೈದಾ ಒಂದು ಖಾಲಿ ಬಕೆಟ್ಟನ್ನು ಬೋರಲು ಹಾಕಿ, ತನ್ನ ಅಂಗಿಯ ತೋಳಿನಿಂದಲೇ ಅದರ ಮಣ್ಣು ಒರೆಸಿ, ಅತ್ತೆಯ ಕಡೆ ಸರಿಸಿದಳು.

"ಆ ಟ್ರಕ್ಕಿನವರಿಗೆ ಆಫ್ ಮಾಡಕ್ಕೆ ಹೇಳ್ತೀನಿ, ಕೂತ್ಕೊಳ್ಳಿ. ಸ್ಕೂಲ್ ಬಸ್ಸು ನಾಲ್ಕು ಗಂಟೆಗೆ ಬರತ್ತೆ" ಎಂದಳು. "ನೀವೇ ಕೇಳಿ, ಯಾರ ಮಗಳು ಅಂತ. ಅವಳೇ ಹೇಳ್ತಾಳೆ."